ಊದಬೇಡಿ

ಕುರ್ಚಿ ಒರಗಿಸಿದೆ. ದೀಪ ಬಾಯೊಳಗೆ ಇಳಿಯಿತು.
ಒತಾಕರ್, ಗಾಜು ಊದುವವನು, ವಯಸ್ಸು ಐವತ್ತೆಂಟು,
ನೋವಿ ಬೋರ್‌ನ ಕುಲುಮೆಯೆದುರು
ನಲವತ್ತು ಚಳಿಗಾಲ ಬೆಂದ ಕೆನ್ನೆ.
"ನಿನ್ನೆ ಪಾನಗೃಹದಲ್ಲಿ, ಡಾಕ್ಟರಮ್ಮ,
ಬಾಯಿಗೆ ಹಾಕಿದ ಬಿಯರು ಮೂಗಿನಲ್ಲಿ ಬಂತು.
ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನಷ್ಟು ಬಂತು."

ನಾನು ನಗಲಿಲ್ಲ.
ಹತ್ತು ದಿನದ ಹಿಂದೆ ಆ ಹಲ್ಲು ಕಿತ್ತವಳು ನಾನೇ:
ಮೇಲಿನ ಸಾಲು, ಎಡಗಡೆ, ಹಿಂದಿನಿಂದ ಎರಡನೆಯದು.

ಮೂಗು ಹಿಡಿದುಕೊಳ್ಳಿ ಅಂದೆ, ಬಾಯಿ ತೆರೆದೇ ಇರಲಿ.
ಈಗ ಮೂಗಿನೊಳಗೆ ಊದಿ, ಮೆಲ್ಲಗೆ.
ಮೆಲ್ಲಗೆ ಎಂದರೇನೆಂದು
ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.
ಕಿತ್ತ ಕುಳಿಯ ತಳದಿಂದ
ಒಂದು ಗುಳ್ಳೆ ಎದ್ದಿತು, ಕೆಂಪಗೆ, ಸಾಸಿವೆಯಷ್ಟು,
ಉಬ್ಬಿತು,
ದೀಪವನ್ನು ಮೈಮೇಲೆ ಹೊತ್ತು ಒಂದು ಕ್ಷಣ ನಿಂತಿತು,
ಒಡೆಯಿತು.
ಕೈಗನ್ನಡಿಯಲ್ಲಿ ಅವನೂ ನೋಡಿದ.
"ನಾನು ಊದಿದ್ದರಲ್ಲೆಲ್ಲ ಇದೇ ಚಿಕ್ಕದು."

ಹಳೆಯ ಎಕ್ಸ್‌ರೇ ಪರದೆಗೆ ತಂದೆ.
ಕೆನ್ನೆಯ ಹಿಂದೆ ಒಂದು ಕೋಣೆ, ಕಪ್ಪಗೆ.
ಯಾರೂ ಇಲ್ಲ, ಗಾಳಿಯೊಂದೇ ಬಾಡಿಗೆಗಿದೆ.
ಅದರ ನೆಲ ಜೋತು ಬಿದ್ದು
ಹಲ್ಲಿನ ಮೂರು ಬೇರುಗಳ ನಡುವೆ ಇಳಿದಿದೆ.
ಬೇರುಗಳು ಕೆಳಮನೆಯಲ್ಲಿ ನಿಂತು
ಮೇಲ್ಮನೆಯ ನೆಲಕ್ಕೆ ಬೆರಳೊತ್ತಿದ ಹಾಗೆ.
ನಡುವೆ ಎಲುಬಿರಬೇಕು. ಕೆಲವರಿಗೆ ಬೆರಳುದಪ್ಪ ಇರುತ್ತದೆ.
ಇವನಿಗೆ ಈರುಳ್ಳಿ ಸಿಪ್ಪೆ.
ಒಂದು ಬೇರಿನ ತುದಿಯಲ್ಲಿ ಅದೂ ಇಲ್ಲ,
ಒದ್ದೆ ಪೊರೆಯೊಂದು, ಅಷ್ಟೇ.
ಒತಾಕರ್ ಕಣ್ಣು ಕಿರಿದು ಮಾಡಿದ.
"ಊದಿದವನು ತಳ ತೆಳ್ಳಗೆ ಬಿಟ್ಟಿದ್ದಾನೆ.
ನಾವಾದರೆ ಇಂಥದ್ದನ್ನು ಕಾರ್ಖಾನೆ ದಾಟಿಸುವುದಿಲ್ಲ."

ಹೇಳಬೇಕಾದದ್ದು ಇನ್ನೊಂದಿತ್ತು.
ಅವತ್ತು ಅವನಿಗೆ ನೆಗಡಿ.
ಬಗ್ಗಿ ಬೂಟಿನ ಲಾಡಿ ಕಟ್ಟಿದರೆ
ಮೇಲಿನ ಹಲ್ಲೆಲ್ಲ ಒಟ್ಟಿಗೆ ಜುಮ್ಮೆನ್ನುತ್ತವೆ, ಅಂದಿದ್ದ.
ಒಟ್ಟಿಗೆ.
ಆ ಮಾತು ಕಿವಿಗೆ ಬಿತ್ತು, ಒಳಗೆ ಹೋಗಲಿಲ್ಲ.
ಕೆಟ್ಟ ಹಲ್ಲು ಒಂಟಿಯಾಗಿ ಅಳುತ್ತದೆ;
ನಾಲ್ಕು ಕೂಡಿ ಅತ್ತರೆ
ಮೇಲ್ಮನೆಯಲ್ಲಿ ನೀರು ನಿಂತಿದೆಯೇನೋ ಎಂದು ಹತ್ತಿ ನೋಡಬೇಕು.
ಆ ಕೋಣೆಯ ಬಾಗಿಲು ಚಾವಣಿಯ ಹತ್ತಿರ,
ತುಂಬಿದ್ದು ಸಲೀಸಾಗಿ ಹರಿದು ಹೋಗುವುದಿಲ್ಲ.
ಎಲ್ಲ ಓದಿದ್ದೆ, ಓಲೊಮೌತ್ಸ್‌ನಲ್ಲಿ, ಎರಡನೆಯ ವರ್ಷ,
ಅಂಕವೂ ಚೆನ್ನಾಗಿ ಬಂದಿತ್ತು.
ಆದರೆ ಅವತ್ತು ಹೊರಗೆ ಏಳು ಜನ ಕಾಯುತ್ತಿದ್ದರು.
ಹಳೆಯ ಬೆಳ್ಳಿ ತುಂಬಿದ ಹಲ್ಲೊಂದು ಕಣ್ಣಿಗೆ ಬಿತ್ತು,
ಅನುಮಾನಕ್ಕೆ ತಕ್ಕ ಮುಖ.
ಕಿತ್ತೆ.
ಇಕ್ಕಳದಲ್ಲಿ ಮೂರೂ ಬೇರು ಗಟ್ಟಿ, ಶುದ್ಧ,
ಯಾವ ತಪ್ಪೂ ಮಾಡಿರದವು.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಹೇಳಿದೆ. ಪೂರ್ತಿ ಅಲ್ಲ, ಮುಕ್ಕಾಲು.
ಅವನು ಪರದೆಯನ್ನೇ ನೋಡುತ್ತಿದ್ದ.
"ಆ ಹಲ್ಲು ಎಲ್ಲಿದೆ?"
ಬಿಸಾಡಿದ್ದೆ.

ಪಕ್ಕದ ಒಸಡನ್ನು ಬಿಡಿಸಿ, ಎಳೆದು, ಮುಚ್ಚಿ ಹೊಲಿದೆ,
ಐದು ಹೊಲಿಗೆ. ಸೈನಸ್ಸಿಗೆ ಮಾತ್ರೆ ಬರೆದೆ.
ಮೂಗು ಸೀಟಬೇಡಿ.
ಸೀನು ತಡೆಯಬೇಡಿ, ಬಂದರೆ ಬಾಯಿ ತೆರೆದು ಸೀನಿ.
ಸ್ಟ್ರಾ ಹಾಕಿ ಏನೂ ಹೀರಬೇಡಿ.
"ಊದುಗೊಳವೆ?"
ಊದಬೇಡಿ. ನಾನು ಹೇಳುವ ತನಕ ಊದಲೇಬೇಡಿ.
ಕೋಟು ತೊಟ್ಟ. ತೋಳಿಗೆ ಕೈ ಸಿಗದೆ ಎರಡು ಸಲ ತಡಕಾಡಿದ.

ನಾಲ್ಕನೆಯ ದಿನ, ಸಂಜೆ, ಮನೆಗೆ ಹೋಗುವಾಗ
ಕಾರ್ಖಾನೆಯ ಕಿಟಕಿಯ ಬಳಿ ನಿಂತೆ. ಹಿಮ ಕೆಸರಾಗಿತ್ತು.
ಒಳಗೆ ಅವನು ಸ್ಟೂಲಿನ ಮೇಲೆ.
ಕೊಳವೆ ಯಿಂದ್ರ ಎಂಬ ಹೊಸ ಹುಡುಗಿಯ ಬಾಯಲ್ಲಿ,
ಅದರ ತುದಿಗೆ ಕೆಂಡದ ಹಣ್ಣು ತಿರುಗುತ್ತಿದೆ.
ಅವಳು ಊದಿದಾಗೆಲ್ಲ
ಅವನ ಕೆನ್ನೆ ತಾನಾಗಿ ಉಬ್ಬಲು ಹೊರಡುತ್ತದೆ;
ಅಂಗೈಯಿಂದ ಒತ್ತಿ ಹಿಡಿಯುತ್ತಾನೆ,
ಸಭೆಯಲ್ಲಿ ಮಗುವಿನ ಬಾಯಿ ಮುಚ್ಚುವ ಹಾಗೆ.

ನನ್ನ ನಾಲಿಗೆ ಹಿಂದಕ್ಕೆ ಹೋಗಿ
ನನ್ನದೇ ಹಲ್ಲೊಂದನ್ನು ಮುಟ್ಟಿ ಬಂತು.

ಅವನು ನನ್ನನ್ನು ಕಂಡ. ತಲೆಯಾಡಿಸಲಿಲ್ಲ, ಒಳಗೆ ಕರೆಯಲಿಲ್ಲ.
ಖಾಲಿಯಿದ್ದ ಕೈಯೆತ್ತಿ ಹುಡುಗಿಗೆ ಸನ್ನೆ ಮಾಡಿದ:
ಇನ್ನೂ ಸ್ವಲ್ಪ,
ಇನ್ನೂ ಸ್ವಲ್ಪ,
ಸಾಕು.